ಮೊಣಕೈ ಮಡಿಕೆಯ ವಾಸನೆ

ಪೆಪ್ಪರ್‌ಮಿಂಟ್, ಅದರ ಹಿಂದೆ ಹಲ್ಲು, ಹಲ್ಲಿನ ಹಿಂದೆ ಮಧ್ಯಾಹ್ನದ ಊಟದ್ದೇನೋ ಸಂದಿಯಲ್ಲಿ ಉಳಿದುಕೊಂಡದ್ದು — ಮ್ಯಾನೇಜರ್ ಸರ್ ನನ್ನ ಹೆಗಲ ಮೇಲಿಂದ ಬಾಗಿ ಕಂಪ್ಯೂಟರ್ ಪರದೆ ನೋಡುತ್ತಿದ್ದಾರೆ, ಅವರ ಉಸಿರು ಕಿವಿಯ ಪಕ್ಕದಿಂದ ಇಳಿದು ಕುತ್ತಿಗೆಯ ಮೇಲೆ ಬೆಚ್ಚಗೆ ಹರಡುತ್ತದೆ, ನಾನು ನನ್ನ ಉಸಿರು ಬಿಗಿಹಿಡಿದು ಎಣಿಸುತ್ತೇನೆ, ಹತ್ತು, ಹನ್ನೊಂದು, ಹನ್ನೆರಡು, ಎಷ್ಟರವರೆಗೆ ತಡೆಯಬಲ್ಲೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಬಸ್ಸಿನಲ್ಲಿ ನಲವತ್ತು, ಹಾಸ್ಟೆಲಿನ ಬಚ್ಚಲಲ್ಲಿ ಐವತ್ತೈದು. ಏನಮ್ಮಾ ಇಂಗ್ಲಿಷಮ್ಮ, ಒಂದು ವಾಕ್ಯಕ್ಕೆ ಇಷ್ಟು ಹೊತ್ತಾ, ಲಾರಿ ಬಂದು ನಿಂತಿದೆ, ನಾಲ್ಕಕ್ಕೆ ಹೊರಡಬೇಕು. ಆಯ್ತು ಸರ್. ಆಯ್ತು ಎಂದು ಹೇಳಬೇಕಾದರೆ ಉಸಿರು ಬಿಡಬೇಕು, ಬಿಟ್ಟರೆ ಎಳೆದುಕೊಳ್ಳಬೇಕು, ಎಳೆದುಕೊಂಡೆ, ಪೆಪ್ಪರ್‌ಮಿಂಟ್, ಹಲ್ಲು. ವಾಸನೆ ನೋಡುವ ವಿಭಾಗದ ಮೇಲಧಿಕಾರಿಗೆ ತನ್ನ ಬಾಯಿಯ ವಾಸನೆ ಗೊತ್ತಾಗುವುದಿಲ್ಲ, ಹೇಳುವವರು ಯಾರು, ನಾನಂತೂ ಅಲ್ಲ. ಮೇಜಿನ ಮೇಲೆ ಐದು ಚೀಟಿಗಳಿವೆ, ಬೆಳಿಗ್ಗೆ ಐದು ಮಂದಿ ಮೂಸಿ ಬರೆದದ್ದು, ಮಕ್ಕಳ ಹಾಲಿನ ಪುಡಿ, ನಾನ್ನೂರ ಹದಿನೇಳನೇ ನಂಬರಿನ ಮಾಲು, ನಾಲ್ಕು ಚೀಟಿಗಳಲ್ಲಿ ಬರೀ ಸೊನ್ನೆ, ವಾಸನೆ ಇಲ್ಲ ಎಂದು ಅರ್ಥ, ಐದನೆಯದರಲ್ಲಿ, ನಮ್ಮೈವರಲ್ಲಿ ಹಿರಿಯಳು, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವಳ ದಪ್ಪ ದಪ್ಪ ಅಕ್ಷರ, ಪೆನ್ಸಿಲ್ ಒತ್ತಿ ಒತ್ತಿ ಕಾಗದ ಹಿಂದಕ್ಕೆ ಉಬ್ಬಿದೆ — ಮೂರು ದಿನ ಮುದುಡಿ ಬಿದ್ದಿದ್ದ ಒರೆಸೋ ಬಟ್ಟೆ ವಾಸನೆ. ಕೂಸುಗಳಿಗೆ ಕೊಡಬೇಡಿ. ಎರಡನೇ ವಾಕ್ಯ ಬೇಡಮ್ಮ, ಅದು ಉಪದೇಶ, ರಿಪೋರ್ಟಿಗೆ ಬರೋದು ಮೂಗಿಗೆ ಬಂದದ್ದು ಮಾತ್ರ, ಮೊದಲನೇದನ್ನ ಸ್ವಲ್ಪ ನೀಟಾಗಿ ಇಂಗ್ಲಿಷಲ್ಲಿ ಹಾಕು, ಒಬ್ಬರಿಗೇ ಬಂದಿದ್ರೆ ಅದು ವಾಸನೆ ಅಲ್ಲ, ಅಭಿಪ್ರಾಯ — ತಮ್ಮ ಮಾತಿಗೆ ತಾವೇ ನಕ್ಕರು, ನನ್ನ ಕೊರಳಿನ ಹಿಂದೆ ಒಂದು ಹನಿ ಬಿತ್ತು, ಬಿತ್ತೋ ಇಲ್ಲವೋ, ಒರೆಸಿಕೊಂಡರೆ ಅವರಿಗೆ ಗೊತ್ತಾಗುತ್ತದೆ, ಒರೆಸಿಕೊಳ್ಳಲಿಲ್ಲ, ಅದು ಅಲ್ಲೇ ಇದೆ, ಆರುತ್ತಿದೆ.

ನಾಲ್ಕು ಸೊನ್ನೆಗಳಲ್ಲಿ ಒಂದು ನನ್ನದು. ನೋಡಲು ಅದೇ ಎಲ್ಲಕ್ಕಿಂತ ಚೆಂದ, ಶುರುವಾದ ಕಡೆ ಸರಿಯಾಗಿ ಬಂದು ಕೂಡಿಕೊಂಡಿದೆ, ಸಾಲುಬಿಟ್ಟು ಹೊರಗೆ ಹೋಗಿಲ್ಲ, ಶಾಲೆಯಲ್ಲಿ ಕಾಪಿ ಬರೆದು ಬರೆದು ಬಂದ ಕೈ. ಬೆಳಿಗ್ಗೆ ಹತ್ತಕ್ಕೆ ಒಬ್ಬೊಬ್ಬರು ಒಂದೊಂದು ಗೂಡಿನಲ್ಲಿ, ಪ್ಲೈವುಡ್ಡಿನ ಅಡ್ಡಗೋಡೆ, ಎದುರಿಗೆ ಪುಟ್ಟ ಕಿಂಡಿ, ಕಿಂಡಿಯ ಆಚೆಯಿಂದ ಲ್ಯಾಬಿನವರ ಕೈಯೊಂದು ಬಂದು ಗಾಜಿನ ಬುಡ್ಡಿ ಇಟ್ಟು ಹೋಗುತ್ತದೆ, ಬೆಚ್ಚನೆಯ ನೀರಿನಲ್ಲಿ ಕದಡಿದ ಪುಡಿ, ಮೇಲೆ ಗಾಜಿನ ಮುಚ್ಚಳ, ಮುಚ್ಚಳ ಸರಿಸಿ ಮೂರು ಸಣ್ಣ ಉಸಿರು, ಮತ್ತೆ ಮುಚ್ಚಬೇಕು, ಆಮೇಲೆ ನಮ್ಮ ನಮ್ಮ ಮೊಣಕೈಯ ಒಳಮಡಿಕೆಗೆ ಮೂಗಿಟ್ಟು ಎಳೆದುಕೊಳ್ಳಬೇಕು, ಅದು ಪಾಠದ ಮೊದಲ ದಿನವೇ ಹೇಳಿಕೊಟ್ಟದ್ದು, ಸ್ವಂತ ಚರ್ಮದ ವಾಸನೆ ಮೂಗಿಗೆ ಗೊತ್ತಿಲ್ಲದಷ್ಟು ಹಳೆಯದು, ಅದನ್ನು ಮೂಸಿದರೆ ಮೂಗು ತೊಳೆದ ಹಾಗೆ, ಸೊನ್ನೆಗೆ ಬಂದ ಹಾಗೆ. ಐದು ಮಂದಿ ಐದು ಗೂಡುಗಳಲ್ಲಿ ತೋಳು ಮಡಿಸಿ ಮುಖ ಹುದುಗಿಸಿ ಕೂತಿರುತ್ತೇವೆ, ಹೊರಗಿನವರು ನೋಡಿದರೆ ಅಳುತ್ತಿದ್ದಾರೆ ಎಂದುಕೊಳ್ಳಬೇಕು. ನಾನ್ನೂರ ಹದಿನೇಳು ಬಂತು. ಮುಚ್ಚಳ ಸರಿಸಿದೆ. ಮೊದಲನೇ ಉಸಿರಿಗೇ ಗಂಟಲು ಮೇಲಕ್ಕೆ ಬಂತು, ಒದ್ದೆ ಬಟ್ಟೆ, ಬಟ್ಟೆಯೊಳಗೆ ಹುಳಿ, ಹುಳಿಯೊಳಗೆ ಏನೋ ಸಿಹಿ, ಆ ಸಿಹಿಯೇ ತಡೆಯಲಾಗದ್ದು — ಪೆನ್ಸಿಲ್ ಎತ್ತಿಕೊಂಡೆ, ಎತ್ತಿಕೊಂಡು, ಯಾವಾಗಲೂ ಮಾಡುವ ಹಾಗೆ, ಬರೆಯಲಿಲ್ಲ, ಕೇಳಿಸಿಕೊಂಡೆ. ಇದು ಯಾರಿಗೂ ಗೊತ್ತಿಲ್ಲ, ನಾನು ಬರೆಯುವ ಡೈರಿಗೂ ಹೇಳಿಲ್ಲ. ಪ್ಲೈವುಡ್ಡಿನ ಆಚೆಯಿಂದ ಪೆನ್ಸಿಲ್ ಸದ್ದು ಕೇಳುತ್ತದೆ. ಸೊನ್ನೆಯಾದರೆ ಸರ್ರ್ ಎಂದು ಒಂದೇ ಸುತ್ತು, ಮುಗಿಯಿತು, ವಾಸನೆ ಇದ್ದರೆ ಕರಕರ ಕರಕರ ಬರೆಯುತ್ತಾರೆ. ನಾನು ಮೂಗು ಕೊಟ್ಟು ಸಂಬಳ ತಗೊಳ್ಳುವವಳು, ಕೆಲಸ ಮಾಡುವುದು ಕಿವಿಯಿಂದ. ಸ್ಟೋರ್‌ಕೀಪರ್ ಅಣ್ಣನ ಗೂಡಿನಿಂದ ಸರ್ರ್. ಡ್ರೈವರ್ ಮಾವನ ಗೂಡಿನಿಂದ ಸರ್ರ್. ಟೈಪಿಸ್ಟ್ ಅಕ್ಕ, ಒಂದು ಕೆಮ್ಮು, ಸರ್ರ್. ಕೊನೆಯ ಗೂಡಿನಿಂದ ಮಾತ್ರ ಕರಕರ, ಕರಕರ, ನಿಂತು, ಮತ್ತೆ ಕರಕರ, ಕೂಸುಗಳಿಗೆ ಕೊಡಬೇಡಿ. ಮೂರು ಸುತ್ತು, ಒಂದು ಕೆರೆತ. ನಾನು ಸುತ್ತಿದೆ.

ಎರಡು ಮೂಗಿಗೆ ಒಂದೇ ವಾಸನೆ ಬಂದರೆ ಮಾಲು ನಿಲ್ಲುತ್ತದೆ, ಅದು ಗೋಡೆಯ ಮೇಲೆ ಬರೆದು ಹಾಕಿರುವ ನಿಯಮ, ಒಂದಕ್ಕೇ ಬಂದರೆ ತಪ್ಪು ಮೂಗಿನದು, ಆ ಮೂಗಿನ ಹೆಸರಿನ ಮುಂದೆ ಒಂದು ಗುರುತು, ಮೂರು ಗುರುತಾದರೆ ಗೂಡಿನಿಂದ ಹೊರಗೆ. ದೊಡ್ಡಮ್ಮನ ಮುಂದೆ ಈಗಾಗಲೇ ಎರಡಿವೆ. ಎರಡನೆಯದು ಕಳೆದ ತಿಂಗಳದ್ದು, ಆವತ್ತೂ ನನಗೆ ಬಂದಿತ್ತು, ಕಮಟು, ಎಣ್ಣೆ ಸವರಿದ ಹಳೆಯ ಬಾಚಣಿಗೆಯ ಹಾಗೆ, ಆವತ್ತೂ ನಾಲ್ಕು ಸುತ್ತು ಒಂದು ಕೆರೆತ. ಗೊತ್ತಿದ್ದೇ ಸುತ್ತಿದ್ದೆ. ಈಗಲೂ ಗೊತ್ತಿದ್ದೇ. ನನ್ನ ಬಗ್ಗೆ ನನಗೆ — ಬೇಡ, ಇಂಗ್ಲಿಷ್ ವಾಕ್ಯ ಯೋಚಿಸು, ಸಮಯ ಮೂರು ಇಪ್ಪತ್ತು, ಇಂಗ್ಲಿಷ್ ಯೋಚಿಸು. ಇಟ್ ಸ್ಮೆಲ್ಸ್ ಲೈಕ್ ಎ ವೆಟ್ ಕ್ಲಾತ್. ವ್ಯಾಕರಣ ಸರಿ, ಆದರೆ ಅದು ನಾರುತ್ತಿದೆ ಎಂದು ಅದೇ ಒಪ್ಪಿಕೊಂಡ ಹಾಗೆ ಇದೆ, ಸರ್ ಹೊಡೆದುಹಾಕುತ್ತಾರೆ. ಗೋಡೆಯ ಮೇಲೆ ಬಳಸಬಹುದಾದ ಪದಗಳ ಪಟ್ಟಿ ಇದೆ, ಸ್ಟೇಲ್, ಮಸ್ಟಿ, ಪೇಪರಿ, ಹನ್ನೆರಡು ಪದ, ಹನ್ನೆರಡೂ ಇಸ್ತ್ರಿ ಮಾಡಿಕೊಂಡು ನಿಂತಿವೆ, ಒಂದಕ್ಕೂ ನಾತವಿಲ್ಲ. ನಮ್ಮಲ್ಲಿ ಎಷ್ಟಿವೆ, ಮುಗ್ಗಲು, ಹಳಸಲು, ಕಮಟು, ಗಬ್ಬು, ನಾತ, ಹೇಳುವಾಗಲೇ ಬಾಯಿ ಸೊಟ್ಟಗಾಗುತ್ತದೆ, ಗಬ್ಬು ಎಂದು ಹೇಳಬೇಕಾದರೆ ಎರಡು ತುಟಿ ಸೇರಿಸಿ ಮುಚ್ಚಲೇಬೇಕು, ವಾಸನೆ ಒಳಗೆ ಬಾರದ ಹಾಗೆ. ವಾಕರಿಕೆ ಎಂದರೆ ಗಂಟಲೇ ಒಂದು ಸಲ ಅಲ್ಲಾಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ನನ್ನ ಮುಖ ನೆಟ್ಟಗಿರುತ್ತದೆ. ಅದಕ್ಕೇ ಎಂ.ಎ. ಮಾಡಿದ್ದೇನೋ. ಬಿಳಿ ರಬ್ಬರಿನ ಕೈಗವಸು ಹಾಕಿಕೊಂಡು ಎತ್ತಿದ ಹಾಗೆ, ಏನನ್ನಾದರೂ ಎತ್ತಬಹುದು, ಸತ್ತದ್ದನ್ನೂ, ಕೈಗೆ ಹತ್ತುವುದಿಲ್ಲ. ಗವಸಿನೊಳಗೆ ಕೈ ಬೆವರುತ್ತದೆ, ಬೆಂದ ಹಾಗೆ ಬೆಳ್ಳಗಾಗಿ ಸುಕ್ಕಾಗುತ್ತದೆ, ಬಿಚ್ಚಿದಾಗ ಆ ರಬ್ಬರ್ ಬೆವರಿನ ವಾಸನೆ ಇದೆಯಲ್ಲ, ಅದಕ್ಕೆ ಪಟ್ಟಿಯಲ್ಲಿ ಪದವಿಲ್ಲ.

ಎಂಟು ವರ್ಷವಿರಬೇಕು ನನಗೆ, ಸೋದರತ್ತೆಯ ಮನೆ, ಹೊಸ ಸೋಫಾದ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿಲ್ಲ, ತೊಡೆಗೆ ಅಂಟಿಕೊಳ್ಳುತ್ತದೆ, ಸ್ಟೀಲ್ ಲೋಟದಲ್ಲಿ ಹಾಲು, ಲೋಟದ ಅಂಚಿನಿಂದ ಒಂದು ವಾಸನೆ, ಇದೇ ವಾಸನೆ, ಒರೆಸಿದ ಬಟ್ಟೆಯಿಂದಲೇ ಮತ್ತೆ ಮತ್ತೆ ಒರೆಸಿದ ಲೋಟ, ಹಾಲಿನ ಮೇಲೆ ಕೆನೆ ನಡುಗುತ್ತಿದೆ. ಅಮ್ಮಾ, ಇದು ಗಬ್ಬು ವಾಸನೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಆಗ ನನಗೆ ನಾಚಿಕೆ ಇರಲಿಲ್ಲ, ಇತ್ತೋ ಏನೋ, ಇರಲಿಲ್ಲ. ಅಮ್ಮ ನಗುತ್ತಲೇ ಇದ್ದಳು, ನಗುನಗುತ್ತಲೇ ಅವಳ ಕೈ ನನ್ನ ತೊಡೆಯ ಕೆಳಕ್ಕೆ ಬಂತು, ಪ್ಲಾಸ್ಟಿಕ್ಕಿಗೂ ಚರ್ಮಕ್ಕೂ ನಡುವೆ, ಹಿಡಿದು ತಿರುಪಿದಳು. ಅವಳಿಗೆ ಹಾಲು ಅಂದ್ರೇ ಆಗಲ್ಲ ಅತ್ತಿಗೆ, ನಾಟಕ ಆಡ್ತಾಳೆ, ಕುಡೀ ಪುಟ್ಟಿ. ಅತ್ತೆ ಎಂದರು, ಏನೋಪ್ಪ, ನಮ್ಮನೆ ಹಾಲು ಯಾರಿಗೂ ವಾಸನೆ ಬಂದಿಲ್ಲ ಇವತ್ತಿನವರೆಗೂ, ರಾಜಕುಮಾರಿ ಮೂಗು ನಿಮ್ಮ ಮಗಳದು. ಕುಡಿದೆ, ಕೆನೆ ಸಮೇತ, ಕೆನೆ ನಾಲಿಗೆಯ ಮೇಲೆ ಒದ್ದೆ ಬಟ್ಟೆಯ ಹಾಗೆಯೇ ಹಾಸಿಕೊಂಡಿತು. ಬರುವಾಗ ಬಸ್ಸಿನಲ್ಲಿ ಅಮ್ಮನ ಮಡಿಲಿಗೇ ವಾಂತಿ ಮಾಡಿದೆ, ಅವಳು ಬಯ್ಯಲಿಲ್ಲ, ಸೆರಗಿನಿಂದ ನನ್ನ ಬಾಯಿ ಒರೆಸಿ, ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, ನಂಗೂ ಬಂತು ಕಣೇ ವಾಸನೆ, ನಾನು ಕುಡಿದ ಕಾಫೀಲೂ ಬಂತು, ಅದನ್ನೆಲ್ಲ ಹೇಳ್ತಾರಾ ಯಾರಾದ್ರೂ. ನಂಗೂ ಬಂತು ಕಣೇ. ಚಿವುಟಿದ್ದು ಮೂರು ದಿನಕ್ಕೆ ಮಾಯಿತು, ಹಸಿರಾಗಿ, ಹಳದಿಯಾಗಿ, ಹೋಯಿತು. ಅವಳಿಗೂ ಬಂದಿತ್ತು ಎನ್ನುವುದು ಹೋಗಲಿಲ್ಲ. ಆ ವಾರವೇ ಒಂದು ಹಳೆ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯಲು ಶುರುಮಾಡಿದೆ, ಅತ್ತೆ ಮನೆ ಹಾಲು ಗಬ್ಬು, ಲೆಕ್ಕದ ಮೇಷ್ಟ್ರ ಕಂಕುಳು, ಪಕ್ಕದ ಮನೆ ಅಂಕಲ್ ಮುದ್ದು ಮಾಡುವಾಗ ಗಲ್ಲಕ್ಕೆ ಅಂಟುವ ಎಂಜಲು, ಈಗ ಹದಿನಾಲ್ಕು ಡೈರಿಗಳಾಗಿವೆ, ಟ್ರಂಕಿನ ತಳದಲ್ಲಿ, ಯಾರಾದರೂ ತೆರೆದರೆ ಈ ಹುಡುಗಿ ಬದುಕೆಲ್ಲ ಚರಂಡಿಯ ಮೇಲೆ ಕೂತು ಕಳೆದಳೇನೋ ಎಂದುಕೊಳ್ಳುತ್ತಾರೆ. ಎದುರಿಗೆ ಸಿಕ್ಕರೆ ಎಲ್ಲರೂ ಹೇಳುವುದು ಒಂದೇ, ಎಷ್ಟು ಒಳ್ಳೇ ಹುಡುಗಿ, ಬಾಯಲ್ಲಿ ಬೆರಳಿಟ್ಟರೂ ಕಚ್ಚೋದಿಲ್ಲ. ಯಾರ ಬೆರಳು, ತೊಳೆದಿದ್ದಾರಾ.

ಮೂರು ಇಪ್ಪತ್ತೈದು. ಒನ್ ಪ್ಯಾನೆಲಿಸ್ಟ್ ಫೆಲ್ಟ್ — ಒಬ್ಬ ಸದಸ್ಯೆಗೆ ಅನಿಸಿತು. ಅನಿಸಿತು ಎಂದರೆ ಇರಲಿಲ್ಲ ಎಂದೇ ಅರ್ಥ, ಬಿಸಿಲಿಗೆ ತಲೆ ತಿರುಗಿದವರಿಗೂ ಅನಿಸುತ್ತದೆ. ಡಿಟೆಕ್ಟೆಡ್ ಎಂದು ಹಾಕಿದರೆ ಇದ್ದದ್ದನ್ನು ಹಿಡಿದಳು ಎಂದಾಗುತ್ತದೆ, ಸರ್ ಅದನ್ನು ಬೆಳಿಗ್ಗೆಯಿಂದ ಎರಡು ಸಲ ಹೊಡೆದುಹಾಕಿದ್ದಾರೆ, ಕೆಂಪು ಪೆನ್ನು, ಪಕ್ಕದಲ್ಲಿ ಅವರದೇ ಇಂಗ್ಲಿಷ್, ಪೌಡರ್ ಈಸ್ ಸ್ಮೆಲ್ಲಿಂಗ್ ಬ್ಯಾಡ್ಲಿ ಫಾರ್ ಓನ್ಲಿ ಒನ್ ಲೇಡಿ. ಸರ್, ಇದು ತಪ್ಪಾಗುತ್ತೆ, ಬ್ಯಾಡ್ಲಿ ಅಂದ್ರೆ ಪುಡಿಗೇ ಮೂಗಿದ್ದು ಅದಕ್ಕೆ ಸರಿಯಾಗಿ ಮೂಸೋಕೆ ಬರ್ತಿಲ್ಲ ಅಂತಾಗತ್ತೆ ಸರ್. ಇದನ್ನು ಹೇಳುವಾಗ ನನ್ನ ದನಿ ನಡುಗಲಿಲ್ಲ. ಅದೊಂದೇ ನನ್ನ ಧೈರ್ಯ, ಬೇರೆಯವರ ಇಂಗ್ಲಿಷಿನ ತಪ್ಪನ್ನು ಅವರ ಮುಖಕ್ಕೆ ಹೇಳುವುದು, ಕಾಲೇಜಿನಲ್ಲೂ ಅಷ್ಟೇ, ಕೈ ಎತ್ತದ ಹುಡುಗಿ ತಪ್ಪು ಕಂಡರೆ ಮಾತ್ರ ಎದ್ದು ನಿಲ್ಲುತ್ತಿದ್ದಳು. ಸರ್ ಹೊಟ್ಟೆ ಅಲ್ಲಾಡಿಸಿ ನಕ್ಕರು, ನೋಡಿ, ಅದಕ್ಕೇ ಇವಳನ್ನ ಇಟ್ಕೊಂಡಿರೋದು, ಪುಡಿಗೆ ಮೂಗು ಬಂತಂತೆ, ಬರೀ ತಾಯಿ, ನೀನೇ ಬರಿ. ಬರೀತೀನಿ. ಯಾರು ಮೂಸಿದರು ಎಂಬುದೇ ಇಲ್ಲದ ಹಾಗೆ ಬರೆಯಬಹುದು, ಇಂಗ್ಲಿಷಿನಲ್ಲಿ ಅದಕ್ಕೆ ಅಂತಲೇ ಒಂದು ವಾಕ್ಯರಚನೆ ಇದೆ, ಕರ್ತೃವನ್ನು ಕೋಣೆಯ ಹೊರಗೆ ಕಳಿಸಿ ಬಾಗಿಲು ಹಾಕುವುದು. ಎ ಸ್ಲೈಟ್ ಮಸ್ಟಿ ನೋಟ್ ವಾಸ್ ಪರ್ಸೀವ್ಡ್. ತುಸು ಮುಗ್ಗಲು ಗ್ರಹಿಕೆಗೆ ಬಂದಿದೆ. ಯಾರ ಗ್ರಹಿಕೆಗೆ, ಯಾರೂ ಅಲ್ಲ, ಗಾಳಿಯಲ್ಲಿ ಒಂದು ಗ್ರಹಿಕೆ ತೂಗಾಡುತ್ತಿದೆ, ಅದಕ್ಕೆ ಮೂಗಿಲ್ಲ, ಕೆಲಸ ಕಳೆದುಕೊಳ್ಳುವ ಭಯವಿಲ್ಲ. ಎಷ್ಟು ಸ್ವಚ್ಛ. ಬಿಳಿ ಹೆಂಚು ಹಾಕಿದ ಬಚ್ಚಲಿನಷ್ಟು ಸ್ವಚ್ಛ, ಹೆಂಚಿನ ಸಂದಿ ನೋಡಬಾರದು.

ಇಂಗ್ಲಿಷಿಗೆ ಹಾಕಿದ್ಯಾ ಮಗಳೇ ನನ್ನ ಚೀಟಿ — ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಬರುವುದಿಲ್ಲ, ಕಂಪ್ಯೂಟರ್ ಇರುವ ಕೋಣೆ ಎಂದರೆ ಅವಳಿಗೆ ಆಸ್ಪತ್ರೆಯ ಕೋಣೆಯ ಹಾಗೆ, ಚಪ್ಪಲಿ ಹೊರಗೇ ಬಿಟ್ಟಿದ್ದಾಳೆ. ಇಪ್ಪತ್ತೆರಡು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು, ನೂರಾರು ಹಾಲಿನ ಬಾಟಲಿ ತೊಳೆದವಳು, ಮುಚ್ಚಳ ತೆಗೆಯದೆಯೇ ಯಾವ ಬಾಟಲಿ ಕೆಟ್ಟಿದೆ ಎಂದು ಹೇಳುತ್ತಿದ್ದಳಂತೆ, ಅದಕ್ಕೇ ಕಂಪನಿಯವರು ಕರೆದು ತಂದರು, ಬರೆಯಲು ಬರುವುದೇ ಕಷ್ಟ ಎಂದರೂ ಬಿಡಲಿಲ್ಲ. ಹಾಕ್ತಾ ಇದೀನಿ ದೊಡ್ಡಮ್ಮ. ಒರೆಸೋ ಬಟ್ಟೆ ಅನ್ನೋದಕ್ಕೆ ಇಂಗ್ಲಿಷಲ್ಲಿ ಪದ ಇದೆಯಾ. ಇದೆ. ಮೂರು ದಿನದ್ದು ಅಂತ ಬಂತಾ ಅದರಲ್ಲಿ, ನಿನ್ನೇದಲ್ಲ, ಮೂರು ದಿನದ್ದು, ಅದು ಮುಖ್ಯ, ನಿನ್ನೇದಾದ್ರೆ ಕುದಿಸಿದರೆ ಹೋಗುತ್ತೆ. ನಾನು ತಲೆಯಾಡಿಸಿದೆ, ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಅಂಥ ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಅವಳು ಹೋಗಲಿಲ್ಲ. ಸೀರೆಯ ಅಂಚಿನಲ್ಲಿ ಒಂದು ದಾರ ಹೊರಗೆ ಬಂದಿದೆ, ಅದನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ಉಳಿದವರ ಮೂಗಿನ ವಿಷಯ ಬಿಡು, ಸ್ಟೋರಿನವನಿಗೆ ಬೀಡಿ ಬಿಟ್ರೆ ಬೇರೆ ವಾಸನೇನೇ ಗೊತ್ತಿಲ್ಲ, ನಿಂದು ಒಳ್ಳೇ ಮೂಗು, ನಾನು ನೋಡಿದೀನಲ್ಲ, ಕ್ಯಾಂಟೀನಲ್ಲಿ ಎಲ್ಲಾರಿಗಿಂತ ಮುಂಚೆ ನಿನ್ನ ಮುಖ ಗಂಟಾಗುತ್ತೆ. ನಿಂಗೆ ಬರಲಿಲ್ವಾ ಮಗಳೇ. ಬರಲಿಲ್ವಾ ಎಂದು ಕೇಳುವಾಗ ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ನೆಗಡಿ ದೊಡ್ಡಮ್ಮ. ನೆಗಡಿ, ಹೌದು, ಅಂದೆ, ಅಂದು ಮೂಗು ಎಳೆದುಕೊಂಡೆ, ಸುಳ್ಳಿಗೆ ಸಾಕ್ಷಿ ಬೇಕಲ್ಲ, ಮೂಗಿನೊಳಗೆ ಒಣಗಿದ್ದು ಬಿಟ್ಟರೆ ಏನೂ ಇರಲಿಲ್ಲ, ಬೆಳಿಗ್ಗೆ ರಿಜಿಸ್ಟರಿನಲ್ಲಿ ನೆಗಡಿ ಇಲ್ಲ, ಪೌಡರ್ ಹಾಕಿಲ್ಲ, ಈರುಳ್ಳಿ ತಿಂದಿಲ್ಲ ಎಂದು ಮೂರು ಸಾಲಿಗೂ ಸಹಿ ಮಾಡಿದವಳು ನಾನೇ.

ಅಯ್ಯೋ, ನೆಗಡಿ ಇದ್ರೆ ಕೂರಬಾರದಿತ್ತು, ಹೇಳೋದಲ್ವಾ, ಎಂದಳು. ಹಂಗಾದ್ರೆ ನಿನ್ನದು ಲೆಕ್ಕಕ್ಕಿಲ್ಲ. ಉಳಿದ ಮೂವರಿಗೂ ಬರಲಿಲ್ಲ. ಆವತ್ತು ಎಣ್ಣೆ ಕಮಟು ಅಂದಾಗ್ಲೂ ಯಾರಿಗೂ ಬಂದಿರಲಿಲ್ಲ. ಇನ್ನೂ ಒಂದು ಸಲ ದಾರ ಸುತ್ತಿದಳು. ಅಲ್ಲ ಕಣೇ, ಒಂದೊಂದು ಸಲ ನಂಗೇ ಅನುಮಾನ, ಮನೇಲಿ ನಮ್ಮ ಸೊಸೆ ಅಂತಾಳೆ, ಅತ್ತೆ, ನಿಮಗೆ ಎಲ್ಲದರಲ್ಲೂ ವಾಸನೆ, ವಯಸ್ಸಾದ್ರೆ ಹಂಗೇ ಅಂತೆ, ಇಲ್ಲದ್ದೆಲ್ಲ ಬರುತ್ತಂತೆ ಮೂಗಿಗೆ. ಎಂದವಳೇ ನನ್ನ ಎದುರಿಗೇ ರವಿಕೆಯ ತೋಳು ಮೇಲೆ ಸರಿಸಿ ಮೊಣಕೈ ಮಡಿಕೆಗೆ ಮೂಗು ಒತ್ತಿದಳು, ಕಣ್ಣು ಮುಚ್ಚಿ, ದೀರ್ಘವಾಗಿ, ಒಂದು ಸಲ, ಎರಡು ಸಲ, ಅಲ್ಲಿಯ ಚರ್ಮ ತೆಳ್ಳಗೆ, ಹಾಲಿನ ಮೇಲಿನ ಕೆನೆಯ ಹಾಗೆ ಸಣ್ಣ ಸಣ್ಣ ನೆರಿಗೆ, ನೆರಿಗೆಯಲ್ಲಿ ಬೆವರಿನ ಹೊಳಪು, ನನಗೆ ಅಸಹ್ಯವಾಯಿತು, ಆಗಬಾರದಿತ್ತು, ಆಯಿತು. ನೋಡು, ಏನಾದ್ರೂ ಕೆಟ್ಟ ವಾಸನೆ ಇದೆಯಾ ನೋಡು, ನನ್ನ ಮೈ ವಾಸನೇನೇ ಬುಡ್ಡಿಗೆ ಹತ್ತಿತೇನೋ, ಎಂದು ತೋಳನ್ನು ನನ್ನ ಕಡೆ ಚಾಚಿದಳು. ಒಬ್ಬ ಹೆಂಗಸು, ಅರವತ್ತರ ಹತ್ತಿರದವಳು, ತನ್ನ ಮೈ ನಾರುತ್ತಿದೆಯೇ ನೋಡು ಎಂದು ಕೇಳುತ್ತಿದ್ದಾಳೆ, ನನ್ನಿಂದಾಗಿ ಕೇಳುತ್ತಿದ್ದಾಳೆ. ಎದ್ದು ಹೋಗಿ ಮೂಗಿಟ್ಟೆ. ಸೋಪಿಲ್ಲದ ನೀರು, ಸ್ವಲ್ಪ ಬಿಸಿಲು, ಒಣಗಿದ ಹತ್ತಿಬಟ್ಟೆ. ಏನೂ ಇರಲಿಲ್ಲ. ಅಷ್ಟು ಸ್ವಚ್ಛವಾದ ಚರ್ಮವನ್ನು ನಾನು ಮೂಸಿಯೇ ಇಲ್ಲ. ಏನೂ ಇಲ್ಲ ದೊಡ್ಡಮ್ಮ, ಎಂದೆ, ಇದೇ ಸಮಯ, ಈಗ ಹೇಳು, ನಂಗೂ ಬಂತು ದೊಡ್ಡಮ್ಮ, ಮೂರೇ ಪದ, ಕನ್ನಡದ್ದು, ವ್ಯಾಕರಣದ ತೊಡಕಿಲ್ಲ. ನೆಗಡಿ ಅಂದ್ಯಲ್ಲ, ನಿಂಗೆಲ್ಲಿ ಗೊತ್ತಾಗುತ್ತೆ, ಎಂದು ಅವಳೇ ನಕ್ಕಳು. ತೋಳು ಇಳಿಸಿಕೊಂಡಳು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು, ಮರೀಬೇಡ. ಹೋದಳು, ಒಂದು ಹೆಜ್ಜೆ ಹೋಗಿ ವಾಪಸ್ಸು ಬಂದು ಚಪ್ಪಲಿ ಹಾಕಿಕೊಂಡಳು.

ಬೆರಳುಗಳು ತಾವಾಗಿಯೇ ಹೊಡೆಯುತ್ತವೆ. ಎ ಸ್ಲೈಟ್ ಮಸ್ಟಿ ನೋಟ್ ವಾಸ್ ರಿಪೋರ್ಟೆಡ್ ಬೈ ಎ ಸಿಂಗಲ್ ಪ್ಯಾನೆಲಿಸ್ಟ್ ಆ್ಯಂಡ್ ವಾಸ್ ನಾಟ್ ಕನ್‌ಫರ್ಮ್ಡ್. ಒಬ್ಬರು ಹೇಳಿದರು, ಉಳಿದವರು ದೃಢಪಡಿಸಲಿಲ್ಲ. ಒಂದೊಂದು ಪದವೂ ನಿಜ. ಅದೇ ನನ್ನ ಕೈಚಳಕ, ಸುಳ್ಳು ಪದ ಒಂದೂ ಇಲ್ಲ, ಕನ್‌ಫರ್ಮ್ ಮಾಡಲಿಲ್ಲ, ಹೌದು, ನಾನು ಮಾಡಲಿಲ್ಲ. ಪ್ರಿಂಟರ್ ಬಿಸಿ ಕಾಗದವನ್ನು ನಾಲಿಗೆ ಚಾಚಿದ ಹಾಗೆ ಹೊರಗೆ ಚಾಚಿತು. ಸರ್ ಓದಿದರು, ತುಟಿ ಅಲ್ಲಾಡಿಸಿಕೊಂಡು, ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿ, ಆಹಾ, ಒಂದು ತಪ್ಪಿಲ್ಲ, ಹೊರಗಿನವರು ಓದಿದರೂ ತಲೆದೂಗಬೇಕು, ಮಾತೇ ಆಡಲ್ಲ ಅಂತಾರೆ ಎಲ್ಲಾ, ಬರೆದರೆ ನೋಡು. ಸಹಿ. ಇನ್ನೊಂದು ಪುಸ್ತಕ ತೆರೆದು ದೊಡ್ಡಮ್ಮನ ಸಾಲಿನಲ್ಲಿ ಮೂರನೇ ಗುರುತು. ಗುರುತು ಎಂದರೆ ಸಣ್ಣ ಅಡ್ಡಗೆರೆ, ಒಂದು ಪದವೂ ಬೇಕಾಗಲಿಲ್ಲ. ಸ್ಟೋರ್‌ಕೀಪರ್ ಅಣ್ಣ ಬಾಗಿಲಿಗೆ ಒರಗಿಕೊಂಡು, ಮುಗೀತಾ ಸರ್, ಲೋಡ್ ಮಾಡಿಸಲಾ, ಪಾಪ, ಮುದುಕಿ ಮನೇಲಿ ಮೊಮ್ಮಕ್ಕಳ ಚಡ್ಡಿ ಮೂಸ್ಕೊಂಡಿರಲಿ ಬಿಡಿ ಇನ್ಮೇಲೆ. ಸರ್ ನಕ್ಕರು. ನಾನೂ ನಕ್ಕೆ. ನಕ್ಕದ್ದು ನನಗೆ ಆಮೇಲೆ ಗೊತ್ತಾಯಿತು, ಕೆನ್ನೆಯ ಮೇಲೆ ನಗು ಇನ್ನೂ ಇತ್ತು, ಅಂಟಿಕೊಂಡು, ಪಕ್ಕದ ಮನೆ ಅಂಕಲ್‌ನ ಎಂಜಲಿನ ಹಾಗೆ, ಅಮ್ಮ ಸೋಫಾದ ಮೇಲೆ ನಗುತ್ತಿದ್ದ ಹಾಗೆ. ನಾನು ಈಗ ಯಾರ ತೊಡೆ ತಿರುಪುತ್ತಿದ್ದೇನೆ. ಬುಡ್ಡಿಗಳನ್ನ ತೊಳೆಯೋಕೆ ಹಾಕಿಬಿಡಮ್ಮ, ಎಂದರು ಸರ್. ಆಮೇಲೆ, ನಿಯಮ ಎಂದರೆ ನಿಯಮ ಎಂಬ ಮುಖದಲ್ಲಿ, ಲಾರಿ ಗೇಟು ದಾಟೋವರೆಗೂ ಯಾರು ಬೇಕಾದ್ರೂ ಇನ್ನೊಂದು ಸಲ ಮೂಸಿ ಚೀಟಿ ತಿದ್ದಬಹುದು, ಅದೂ ಗೋಡೆ ಮೇಲಿದೆ, ನಾವೇನು ಯಾರ ಮೂಗೂ ಕಟ್ಟಿಲ್ಲ. ಮೂರು ನಲವತ್ತೆಂಟು.

ಗೂಡಿನೊಳಗೆ ಯಾರೂ ಇಲ್ಲ. ಐದೂ ಖಾಲಿ. ನನ್ನ ಜಾಗದಲ್ಲಿ ಕೂತಿದ್ದೇನೆ, ಬುಡ್ಡಿ ಎದುರಿಗಿದೆ, ಬೆಳಿಗ್ಗೆಯ ಬಿಸಿ ಹೋಗಿ ಅಂಚಿನಲ್ಲಿ ಬೆಳ್ಳಗೆ ಉಂಗುರ ಕಟ್ಟಿದೆ, ಪಕ್ಕದಲ್ಲಿ ನನ್ನ ಚೀಟಿ, ತರುವುದು ಬೇಡ ಎಂದುಕೊಂಡೇ ತಂದೆ, ಪೆನ್ಸಿಲ್ಲೂ ಇದೆ. ಬಾರದಿರಲಿ, ಈ ಸಲ ಬಾರದಿರಲಿ, ಬೆಳಿಗ್ಗೆ ಬಂದದ್ದು ಭ್ರಮೆಯಾಗಿರಲಿ, ನನಗೆ ನಿಜವಾಗಿಯೂ ನೆಗಡಿಯಾಗಿರಲಿ. ಮುಚ್ಚಳ ಸರಿಸಿದೆ. ಒಂದು ಉಸಿರು. ಬಟ್ಟೆ, ಹುಳಿ, ಸಿಹಿ, ಬೆಳಿಗ್ಗೆಗಿಂತ ದಪ್ಪವಾಗಿ, ನಾಲಿಗೆಯ ಬುಡಕ್ಕೆ ಹಾಸಿಕೊಳ್ಳುವ ಹಾಗೆ, ಕುಡೀ ಪುಟ್ಟಿ, ಯಾರೋ ತಾಯಿ ಎಲ್ಲೋ ಡಬ್ಬಿ ತೆರೆಯುತ್ತಾಳೆ, ಚಮಚ ಎಣಿಸಿ ಹಾಕುತ್ತಾಳೆ, ಒಂದು, ಎರಡು, ಮೂರು, ಬಾಟಲಿ ಕುಲುಕಿ ಕೂಸಿನ ಬಾಯಿಗೆ ಇಡುತ್ತಾಳೆ, ಕೂಸು ಮುಖ ತಿರುಗಿಸುತ್ತದೆ, ಅದಕ್ಕೆ ಹೇಳಲು ಬಾರದು, ನಾಟಕ ಆಡ್ತಾಳೆ ಎನ್ನುತ್ತಾರೆ, ಗಲ್ಲ ಹಿಡಿದು ತಿರುಗಿಸುತ್ತಾರೆ. ಮುಚ್ಚಿದೆ. ತೋಳು ಮಡಿಸಿ ಮೊಣಕೈ ಮಡಿಕೆಗೆ ಮೂಗಿಟ್ಟೆ, ತೊಳೆದುಕೊಳ್ಳಲಿ ಎಂದು, ಸೊನ್ನೆಗೆ ಬರಲಿ ಎಂದು. ಒಳಗೆ ಎಳೆದೆ. ಒದ್ದೆ ಬಟ್ಟೆ. ಇಲ್ಲ, ಅದು ಬುಡ್ಡಿಯದು, ಮೂಗಿನಲ್ಲಿ ಉಳಿದದ್ದು, ಇನ್ನೊಂದು ತೋಳು, ಎಡಗಡೆಯದು, ಅಲ್ಲಿ ಚರ್ಮ ಚೆನ್ನಾಗಿರುತ್ತದೆ, ಮೂಗೊತ್ತಿದೆ, ಒದ್ದೆ ಬಟ್ಟೆ, ಮುದುಡಿದ್ದು, ಮೂರು ದಿನದ್ದಲ್ಲ, ಎಷ್ಟು ವರ್ಷದ್ದು. ಪೆನ್ಸಿಲ್ ಬಲಗೈಯಲ್ಲಿದೆ. ಯಾವಾಗ ಎತ್ತಿಕೊಂಡೆ. ಬರಿ, ಮಸ್ಟಿ ಬೇಡ, ಪಟ್ಟಿಯ ಪದ ಬೇಡ, ಗಬ್ಬು ಎಂದು ಬರಿ, ನಂಗೂ ಬಂತು ಎಂದು ಬರಿ, ಸೊನ್ನೆಯನ್ನು ಹೊಡೆದುಹಾಕಲು ಒಂದು ಗೆರೆ ಸಾಕು, ಸರ್ ಆ ಪುಸ್ತಕದಲ್ಲಿ ಎಳೆದರಲ್ಲ ಅಷ್ಟೇ ಉದ್ದದ್ದು. ಹೊರಗೆ ಓಣಿಯಲ್ಲಿ ದೊಡ್ಡಮ್ಮನ ದನಿ, ಬಿಳಿ ಏಪ್ರನ್ ಎಲ್ಲಿಡಲಿ ಸರ್, ಒಗೆದು ತಂದುಕೊಡಲಾ. ಬೇಡ ಬಿಡಿ ದೊಡ್ಡಮ್ಮ, ಇಲ್ಲೇ ಹಾಕಿ. ಒಗೆದೇ ಕೊಡ್ತೀನಿ, ಹಂಗೆಲ್ಲ ಕೊಡಬಾರದು. ಲಾರಿ ಹಿಂದಕ್ಕೆ ಬರುವ ಕೂಗು, ಬೀಂ, ಬೀಂ, ಬೀಂ, ಯಾರೋ ಬಾಗಿಲ ಪಟ್ಟಿಯನ್ನು ಬಡಿದು ಹೋಗ್ಲಿ ಹೋಗ್ಲಿ ಎನ್ನುತ್ತಾರೆ. ಪೆನ್ಸಿಲಿನ ಮೊನೆ ಸೊನ್ನೆಯ ಮೇಲೆ ನಿಂತಿದೆ. ನಾನು ಕಾಯುತ್ತಿದ್ದೇನೆ. ಏನನ್ನು ಕಾಯುತ್ತಿದ್ದೇನೆ ಎಂದು ಈಗ ಗೊತ್ತಾಯಿತು, ಪ್ಲೈವುಡ್ಡಿನ ಆಚೆಯಿಂದ ಕರಕರ ಕೇಳಲಿ ಎಂದು, ಯಾರಾದರೂ ಒಬ್ಬರು ಮೊದಲು ಬರೆಯಲಿ ಎಂದು. ಖಾಲಿ ಗೂಡುಗಳಿಗೆ ಕಿವಿ ಕೊಟ್ಟು ಕೂತಿದ್ದೇನೆ. ಒಂದು ಸುತ್ತೂ ಇಲ್ಲ, ಕೆರೆತವೂ ಇಲ್ಲ. ಕಬ್ಬಿಣದ ಗೇಟು ಹಳಿಯ ಮೇಲೆ ಉದ್ದಕ್ಕೆ ಸರಿಯುತ್ತಿದೆ, ಎಂಜಿನ್ನು ಹತ್ತಿರವಾಗಿ, ಕಿಟಕಿಯ ಗಾಜು ನಡುಗಿ, ದೂರವಾಗಿ, ಗೇಟು ಮತ್ತೆ ಸರಿದು ಕೂಡಿಕೊಂಡಿತು. ತೋಳು ಮಡಿಸಿದ್ದೇನೆ. ಮುಖ ಒಳಗಿದೆ. ಎಳೆದುಕೊಳ್ಳುತ್ತೇನೆ. ಒದ್ದೆ ಬಟ್ಟೆ. ಮತ್ತೆ ಎಳೆದುಕೊಳ್ಳುತ್ತೇನೆ, ಮೊಣಕೈಯ ಒಳಮಡಿಕೆ, ಒದ್ದೆ ಬಟ್ಟೆ, ಮೊಣಕೈಯ ಒಳಮಡಿಕೆ —